ಮೂರು ತಿಂಗಳಿಗೆ ಬನ್ನಿ ಅಂದರೆ ಮೂರು ತಿಂಗಳಿಗೇ ಹೋಗು

ಮೂರು ತಿಂಗಳು ಬಿಟ್ಟು ಕರೆದುಕೊಂಡು ಬನ್ನಿ ಎಂದು ಡಾಕ್ಟರು ಹೇಳಿದ್ದನ್ನು ಕೈಚೆಲ್ಲಿದ ಮಾತು ಅಂತ ತಿಳಿಯಬೇಡ ಕಣಮ್ಮಾ. ನಿಮ್ಮ ಮನೆ ಪಡಸಾಲೆಯಲ್ಲಿ ಆಡುತ್ತಿದ್ದದ್ದು ನನ್ನ ಕಿವಿಗೂ ಬಿತ್ತು. ಗಡ್ಡೆ ಇದೆ ಅಂತಾರಂತೆ, ಆಪರೇಷನ್ ಬೇಡ ಅಂತಾರಂತೆ, ಒಂದು ಮಾತ್ರೆಯನ್ನೂ ಬರೆದಿಲ್ಲವಂತೆ, ಇದೆಂಥ ಆಸ್ಪತ್ರೆ, ಬೇರೆ ಕಡೆ ತೋರಿಸಿ ಅಂತ ನಿಮ್ಮತ್ತೆ. ತೋಟ ಅಡ ಇಟ್ಟಾದರೂ ತೆಗೆಸಿಬಿಡೋಣ ಅಂತ ಅಳಿಯಂದಿರು. ಇಬ್ಬರದೂ ಮಗುವಿನ ಮೇಲಿನ ಜೀವದ ಮಾತೇ. ಆದರೆ ಈ ಕಾಯಿಲೆಯ ಮಟ್ಟಿಗೆ ಆ ಆತುರವೇ ಮಗುವಿನ ಕಣ್ಣಿಗೆ ಮುಳುವಾದೀತು. ಅದಕ್ಕೇ ನಿನ್ನನ್ನು ಒಬ್ಬಳನ್ನೇ ಕೂರಿಸಿಕೊಂಡು ಹೇಳುತ್ತಿದ್ದೇನೆ. ನಾನು ಡಾಕ್ಟರಲ್ಲ, ಉಪಕೇಂದ್ರದಲ್ಲಿ ಚುಚ್ಚುಮದ್ದು ಹಾಕಿಕೊಂಡು, ತಾಯಿ ಕಾರ್ಡು ಬರೆದುಕೊಂಡು ನಿವೃತ್ತಳಾದ ಆರೋಗ್ಯ ಸಹಾಯಕಿ. ಗೊತ್ತಿಲ್ಲದ್ದನ್ನು ಕೇಳಿ ತಿಳಿದುಕೊಂಡಿದ್ದೇನೆ, ಓದಿದ್ದೇನೆ. ದೊಡ್ಡಮ್ಮ ಅಂತ ಸಲಿಗೆಯಿಂದ ಹೇಳುತ್ತೇನೆ, ಕೇಳಿಸಿಕೋ.

ಮೊದಲು ಗಡ್ಡೆ ಎಲ್ಲಿದೆ ಅನ್ನುವುದನ್ನು ಸರಿಯಾಗಿ ತಿಳಿದುಕೋ. ಪಾಪುವಿನ ಕಣ್ಣುಗುಡ್ಡೆಗೆ ಏನೂ ಆಗಿಲ್ಲ. ನಮ್ಮೂರ ಕೆರೆಯನ್ನೇ ನೆನೆದುಕೋ. ಕೆರೆ ತುಂಬ ನೀರಿದ್ದರೂ ಕಾಲುವೆಯಲ್ಲಿ ಮಣ್ಣು ಕುಸಿದರೆ ಅಚ್ಚುಕಟ್ಟಿನ ಗದ್ದೆ ಒಣಗುತ್ತದೆ. ಯಾವ ಗದ್ದೆ ಒಣಗಿತು ಅನ್ನುವುದನ್ನು ನೋಡಿಯೇ ನೀರಗಂಟಿ ಕಾಲುವೆ ಎಲ್ಲಿ ಕಟ್ಟಿದೆ ಅಂತ ಹೇಳುತ್ತಾನೆ. ಕಣ್ಣಿನ ಹಿಂದೆಯೂ ಹಾಗೇ. ಒಂದೊಂದು ಕಣ್ಣಿನಿಂದಲೂ ಹತ್ತು ಲಕ್ಷಕ್ಕೂ ಹೆಚ್ಚು ಎಳೆಗಳಿರುವ ನರ ಹೊರಡುತ್ತದೆ. ಎರಡೂ ನರಗಳು ಮಿದುಳಿನ ಬುಡದಲ್ಲಿ, ಪಿಟ್ಯುಟರಿ ಗ್ರಂಥಿಯ ನೆತ್ತಿಯ ಮೇಲೆ ಕೂಡುತ್ತವೆ. ಅಲ್ಲಿ ಅರ್ಧಕ್ಕಿಂತ ತುಸು ಹೆಚ್ಚು ಎಳೆಗಳು ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ದಾಟಿ, ತಲೆಯ ಹಿಂಭಾಗದ ನೋಡುವ ಜಾಗಕ್ಕೆ ಹೋಗುತ್ತವೆ. ಕೂಡುವ ಜಾಗಕ್ಕಿಂತ ಮುಂದೆ ಕಟ್ಟಿದರೆ ಒಂದೇ ಕಣ್ಣು ಮಂಕಾಗುತ್ತದೆ. ಕೂಡುವಲ್ಲೇ ಕಟ್ಟಿದರೆ ಎರಡೂ ಕಣ್ಣಿನ ಹೊರಮಗ್ಗುಲು ಹೋಗುತ್ತದೆ. ದಾಟಿದ ಮೇಲೆ ಕಟ್ಟಿದರೆ ಎರಡೂ ಕಣ್ಣಿಗೆ ಒಂದೇ ಮಗ್ಗುಲು ಕಾಣುವುದಿಲ್ಲ. ಡಾಕ್ಟರು ಪಾಪುವಿನ ಮುಂದೆ ಗೊಂಬೆ ಹಿಡಿದು, ಪಕ್ಕದಿಂದ ಇನ್ನೊಂದು ಗೊಂಬೆ ತಂದು ಆಡಿಸಿದರಲ್ಲ, ಅದು ಆಟವಲ್ಲ. ಯಾವ ಮಗ್ಗುಲು ಕಾಣುತ್ತಿಲ್ಲ ಅಂತ ಹುಡುಕುತ್ತಿದ್ದರು.

ಇದನ್ನು ಯಾಕೆ ಇಷ್ಟು ಬಿಡಿಸಿ ಹೇಳಿದೆ ಅಂದರೆ, ಅಜ್ಜಂಪುರದಲ್ಲೋ ತರೀಕೆರೆಯಲ್ಲೋ ಕನ್ನಡಕದ ಅಂಗಡಿಗೆ ಹೋಗಿ ಅಕ್ಷರದ ಬೋರ್ಡು ಓದಿಸಿ, ಎಲ್ಲ ಸಾಲೂ ಓದಿತು, ಕಣ್ಣು ಚೆನ್ನಾಗಿದೆ ಅಂತ ಯಾರಾದರೂ ಹೇಳಿದರೆ ನೀನು ಹಿಗ್ಗಬಾರದು. ನೇರ ನೋಟ ಪೂರ್ತಿ ಇದ್ದೂ ಪಕ್ಕದ ನೋಟ ಹೋಗಿರಬಹುದು. ಬಾಗಿಲ ಚೌಕಟ್ಟಿಗೆ ಒಂದೇ ಭುಜ ತಾಗಿಸಿಕೊಳ್ಳುವ ಮಗು, ತಟ್ಟೆಯ ಒಂದು ಪಕ್ಕದ ಅನ್ನ ಹಾಗೇ ಬಿಡುವ ಮಗು, ಕತ್ತು ವಾಲಿಸಿಕೊಂಡು ಟಿ.ವಿ. ನೋಡುವ ಮಗು, ಇವರಿಗೆಲ್ಲ ಅಕ್ಷರದ ಬೋರ್ಡು ಸಾಲದು.

ಇನ್ನು ಗಡ್ಡೆಯ ಜಾತಿ. ಪಾಪುವಿಗೆ ಇರುವುದಕ್ಕೆ ಆಪ್ಟಿಕ್ ಗ್ಲಯೋಮಾ ಅಂತ ಬರೆದಿದ್ದಾರೆ. ಮಕ್ಕಳ ಮಿದುಳಿನ ಗಡ್ಡೆಗಳಲ್ಲಿ ನೂರಕ್ಕೆ ಮೂರರಿಂದ ಐದು ಮಾತ್ರ ಈ ಜಾತಿಯವು. ಬಹುಪಾಲು ಹತ್ತು ವರ್ಷದೊಳಗೇ ಕಾಣಿಸುತ್ತವೆ. ಇವುಗಳಲ್ಲಿ ಹೆಚ್ಚಿನವು ಮೊದಲ ದರ್ಜೆಯವು, ಅಂದರೆ ತೀರಾ ನಿಧಾನಕ್ಕೆ ಬೆಳೆಯುವಂಥವು. ಕೆಲವು ವರ್ಷಗಟ್ಟಲೆ ಇದ್ದ ಹಾಗೇ ಇರುತ್ತವೆ. ಅಪರೂಪಕ್ಕೆ ಒಂದೊಂದು, ಏನೂ ಮಾಡದೆ ತಾನೇ ಕುಗ್ಗಿದ್ದೂ ಉಂಟು. ಇದರಿಂದ ಜೀವ ಹೋಗುವ ಮಕ್ಕಳು ಕಡಿಮೆ, ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಮಕ್ಕಳು ಬದುಕಿ ಬೆಳೆಯುತ್ತಾರೆ. ಕ್ಯಾನ್ಸರ್ ಅನ್ನುವ ಶಬ್ದ ಕೇಳಿ ನೀನು ಅನ್ನ ಬಿಟ್ಟು ಕೂತಿದ್ದೀಯಲ್ಲ, ಮೊದಲು ಎದ್ದು ಊಟ ಮಾಡು. ಇಲ್ಲಿ ಪಣಕ್ಕಿರುವುದು ಬಹಳಮಟ್ಟಿಗೆ ಕಣ್ಣು.

ಹಾಗಾದರೆ ತೆಗೆದುಬಿಟ್ಟರಾಯಿತಲ್ಲ ಅನ್ನುತ್ತಾರೆ ಅಳಿಯಂದಿರು. ತೆಗೆಯುವುದಕ್ಕೆ ಗಡ್ಡೆ ನರದ ಪಕ್ಕದಲ್ಲಿ ಕೂತಿಲ್ಲ, ನರದ ಒಳಗೇ ಹುಟ್ಟಿ ಎಳೆಗಳ ನಡುವೆ ಹರಡಿದೆ. ಕೊಯ್ದರೆ ಎಳೆಗಳೂ ಹೋಗುತ್ತವೆ. ಕತ್ತರಿಸಿದ ಕಣ್ಣಿನ ನರ ಮತ್ತೆ ಕೂಡುವುದಿಲ್ಲ, ದುಡ್ಡು ಎಷ್ಟು ಸುರಿದರೂ ಕೂಡುವುದಿಲ್ಲ. ಒಂದು ಕಣ್ಣು ಆಗಲೇ ಪೂರ್ತಿ ಹೋಗಿ, ಗುಡ್ಡೆ ಮುಂದಕ್ಕೆ ದಬ್ಬಿಕೊಂಡು ನೋಯುತ್ತಿದ್ದರೆ ಆ ಬದಿಯದನ್ನು ತೆಗೆಯುತ್ತಾರೆ. ಗಡ್ಡೆಯಲ್ಲಿ ದೊಡ್ಡ ನೀರಿನ ಚೀಲ ಕಟ್ಟಿಕೊಂಡರೆ ಅದನ್ನು ಬಸಿಯುತ್ತಾರೆ. ತಲೆಯೊಳಗಿನ ನೀರು ಹರಿಯದೆ ಒತ್ತಡ ಏರಿದರೆ ಕೊಳವೆ ಹಾಕುತ್ತಾರೆ. ಪಾಪುವಿಗೆ ಇವು ಯಾವುದೂ ಈಗ ಇಲ್ಲ.

ಯಾವುದೋ ಊರಿನ ಹೆಂಗಸಿಗೆ ಮೂಗಿನೊಳಗಿಂದಲೇ ತೆಗೆದು ನಾಲ್ಕು ದಿನಕ್ಕೆ ಮನೆಗೆ ಕಳಿಸಿದರಂತೆ, ನಮ್ಮ ಮಗುವಿಗೆ ಯಾಕಾಗಲ್ಲ ಅಂತ ನಿಮ್ಮತ್ತೆ ಕೇಳಿದ್ದು ನ್ಯಾಯವಾದ ಪ್ರಶ್ನೆಯೇ. ಅದು ಪಿಟ್ಯುಟರಿ ಗಡ್ಡೆ ಇದ್ದಿರಬೇಕು. ಅದು ಕೆಳಗಿನ ಗ್ರಂಥಿಯಲ್ಲಿ ಹುಟ್ಟಿ ಮೇಲಿನ ನರವನ್ನು ಒತ್ತುತ್ತದೆ. ಒತ್ತಡ ತೆಗೆದರೆ ಎಷ್ಟೋ ಜನಕ್ಕೆ ನೋಟ ಮರಳುತ್ತದೆ, ಕೆಲವರಿಗೆ ದಿನಗಳಲ್ಲೇ. ಅದರಲ್ಲೂ ಪ್ರೊಲ್ಯಾಕ್ಟಿನ್ ಸುರಿಸುವ ಜಾತಿಯದಾದರೆ ಕ್ಯಾಬರ್ಗೊಲಿನ್ ಮಾತ್ರೆಗೇ ಬಹಳಷ್ಟು ಕರಗುತ್ತದೆ, ಕತ್ತಿ ಮುಟ್ಟಿಸಬೇಕಾಗಿಯೇ ಇಲ್ಲ. ಬಸಿರಿಲ್ಲದೆ ಮುಟ್ಟು ನಿಂತು ಎದೆಯಲ್ಲಿ ಹಾಲು ಕಾಣಿಸಿಕೊಂಡ ಹೆಂಗಸರನ್ನು ದೇವರ ಮನೆಗೆ ಕರೆದೊಯ್ಯುವ ಮೊದಲು ಪ್ರೊಲ್ಯಾಕ್ಟಿನ್ ರಕ್ತಪರೀಕ್ಷೆ ಮಾಡಿಸಿ ಅಂತ ನಾನು ಎಷ್ಟು ಮನೆಯಲ್ಲಿ ಹೇಳಿದ್ದೇನೋ! ಅದು ಹೋಗಲಿ. ಇನ್ನೊಂದು ಕ್ರೇನಿಯೊಫ್ಯಾರಿಂಜಿಯೋಮಾ ಅಂತ. ಹತ್ತು ಲಕ್ಷ ಜನರಲ್ಲಿ ವರ್ಷಕ್ಕೆ ಒಬ್ಬಿಬ್ಬರಿಗೆ ಬರುತ್ತದೆ, ಮಕ್ಕಳಿಗೂ ಬರುತ್ತದೆ, ಐವತ್ತು ದಾಟಿದವರಿಗೂ ಬರುತ್ತದೆ. ಅದನ್ನು ಆಪರೇಷನ್ ಮಾಡಲೇಬೇಕಾಗುತ್ತದೆ, ಎಷ್ಟೋ ಸಲ ರೇಡಿಯೇಷನ್ನೂ ಬೇಕು, ಆಮೇಲೆ ಹಾರ್ಮೋನು ಮಾತ್ರೆ ಬಹಳ ಮಂದಿಗೆ ಜೀವಮಾನವಿಡೀ. ನಡುವಯಸ್ಸಿನ ಹೆಂಗಸರಲ್ಲಿ ನರದ ಹೊದಿಕೆಯಿಂದ ಹುಟ್ಟುವ ಮೆನಿಂಜಿಯೋಮಾ ಇದೆ, ಅದಕ್ಕೆ ಕತ್ತಿಗಿಂತ ಲೆಕ್ಕ ಹಾಕಿ ಕೊಡುವ ರೇಡಿಯೇಷನ್ನೇ ಮೇಲು. ಹೀಗೆ ಒಂದೇ ಜಾಗದಲ್ಲಿ ನಾಲ್ಕು ಜಾತಿ, ನಾಲ್ಕು ದಾರಿ. ಒಬ್ಬರ ಆಪರೇಷನ್ ಕಥೆಯನ್ನು ಇನ್ನೊಬ್ಬರ ಮಗುವಿಗೆ ಅನ್ವಯಿಸುವುದು ನಮ್ಮ ಕಡೆ ಜಗಲಿ ಮೇಲೆ ಕೂತವರ ಹವ್ಯಾಸ. ಮರ್ಯಾದೆಗೆ ಹೂಂ ಅನ್ನು, ಮನಸ್ಸಿಗೆ ಹಚ್ಚಿಕೊಳ್ಳಬೇಡ.

ಸೂಜಿ ಹಾಕಿ ಚೂರು ತೆಗೆದು ಪರೀಕ್ಷೆಗೂ ಕಳಿಸಲಿಲ್ಲ, ಹಾಗಿದ್ದ ಮೇಲೆ ಹೆಂಗೆ ಗೊತ್ತಾಯಿತು ಅಂತ ನೀನೇ ಕೇಳಿದೆ. ಪಾಪುವಿನ ಮೈಮೇಲಿನ ಮಚ್ಚೆ ಹೇಳಿತು. ಹಾಲು ಹಾಕಿದ ಕಾಫಿ ಬಣ್ಣದ ಚಪ್ಪಟೆ ಮಚ್ಚೆಗಳು, ಬೆನ್ನಿಗೆ, ಹೊಟ್ಟೆಗೆ, ತೊಡೆಗೆ. ಎಣ್ಣೆ ನೀರು ಹಾಕುವಾಗ ಅದೃಷ್ಟದ ಮಚ್ಚೆ ಅಂತ ನಾವೆಲ್ಲ ಮುದ್ದು ಮಾಡಿದ್ದೇ ಮಾಡಿದ್ದು. ಒಂದೆರಡು ಇದ್ದರೆ ಏನೂ ಅಲ್ಲ, ಎಷ್ಟೋ ಮಕ್ಕಳಿಗೆ ಇರುತ್ತವೆ. ಆದರೆ ಚಿಕ್ಕ ಮಗುವಿನ ಮೈಮೇಲೆ ಅರ್ಧ ಸೆಂಟಿಮೀಟರಿಗಿಂತ ದೊಡ್ಡವು ಆರು ಅಥವಾ ಹೆಚ್ಚು ಇದ್ದರೆ, ಕಂಕುಳಲ್ಲಿ ಸಣ್ಣ ಸಣ್ಣ ಚುಕ್ಕೆ ಎದ್ದರೆ, ನ್ಯೂರೊಫೈಬ್ರೊಮಟೋಸಿಸ್ ಒಂದನೇ ಬಗೆ ಇರಬಹುದೇ ಅಂತ ನೋಡಿಸಬೇಕು. 1882ರಲ್ಲಿ ರೆಕ್ಲಿಂಗ್‌ಹೌಸನ್ ಅನ್ನುವ ಜರ್ಮನ್ ವೈದ್ಯ ಇದರ ವಿವರ ಬರೆದ. ಸುಮಾರು ಮೂರು ಸಾವಿರ ಮಕ್ಕಳಲ್ಲಿ ಒಬ್ಬರಿಗೆ ಇರುತ್ತದೆ ಅಂದರೆ ಅಂಥ ಅಪರೂಪವೂ ಅಲ್ಲ. ಇಂಥ ಮಕ್ಕಳಲ್ಲಿ ನೂರಕ್ಕೆ ಹದಿನೈದು ಇಪ್ಪತ್ತು ಮಂದಿಗೆ ಕಣ್ಣಿನ ದಾರಿಯಲ್ಲಿ ಈ ಗ್ಲಯೋಮಾ ಬರುತ್ತದೆ, ಹೆಚ್ಚಾಗಿ ಆರೇಳು ವರ್ಷದೊಳಗೆ. ಅವರಲ್ಲೂ ಅರ್ಧಕ್ಕಿಂತ ಹೆಚ್ಚು ಮಕ್ಕಳಿಗೆ ಯಾವ ಚಿಕಿತ್ಸೆಯೂ ಬೇಕಾಗುವುದಿಲ್ಲ. ಮೈಮೇಲೆ ಮಚ್ಚೆ, ಸ್ಕ್ಯಾನಿನಲ್ಲಿ ದಪ್ಪಗಾದ ನರ, ಎರಡೂ ಒಟ್ಟಿಗೆ ಕಂಡ ಮೇಲೆ ಚೂರು ತೆಗೆದು ನೋಡುವ ಅಗತ್ಯ ಸಾಮಾನ್ಯವಾಗಿ ಬೀಳುವುದಿಲ್ಲ. ತೆಗೆಯಲು ಹೋದರೆ ನೋಟಕ್ಕೇ ಪೆಟ್ಟು.

ಇಲ್ಲಿಂದಲೇ ಮನೆಯಲ್ಲಿ ಇನ್ನೊಂದು ರಗಳೆ ಶುರುವಾಗುತ್ತದೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಯಾರ ಕಡೆಯಿಂದ ಬಂತು? ನಿನ್ನ ತವರಿಂದಲೋ ಅವರ ವಂಶದಿಂದಲೋ? ಬಸುರಿಯಲ್ಲಿ ಗ್ರಹಣ ನೋಡಿದೆಯಾ, ಪಪಾಯಿ ತಿಂದೆಯಾ, ಮೊಬೈಲು ಹಿಡಿದೇ ಇರುತ್ತಿದ್ದೆಯಲ್ಲ? ಯಾವುದಕ್ಕೂ ಉತ್ತರ ಕೊಡುತ್ತಾ ಕೂರಬೇಡ. ಇದು ಒಂದು ಜೀನಿನ ತಪ್ಪು. ಹೆಚ್ಚುಕಡಿಮೆ ಅರ್ಧದಷ್ಟು ಮಕ್ಕಳಲ್ಲಿ ಅಪ್ಪ ಅಮ್ಮ ಯಾರಲ್ಲೂ ಇಲ್ಲದೆ ಹೊಸದಾಗಿಯೇ ಹುಟ್ಟುತ್ತದೆ. ಆದರೂ ನೀವಿಬ್ಬರೂ ಒಮ್ಮೆ ಮೈ ತೋರಿಸಿಕೊಳ್ಳಿ, ಕಣ್ಣು ತೋರಿಸಿಕೊಳ್ಳಿ. ಬೈಗುಳಕ್ಕಲ್ಲ, ಮುಂದಿನ ಕೂಸಿನ ಲೆಕ್ಕಕ್ಕೆ. ನಿಮ್ಮಲ್ಲಿ ಒಬ್ಬರಿಗೆ ಇದ್ದರೆ ಹುಟ್ಟುವ ಪ್ರತಿ ಮಗುವಿಗೂ ಅರ್ಧಕ್ಕರ್ಧ ಸಾಧ್ಯತೆ ಇರುತ್ತದೆ. ಇಬ್ಬರಿಗೂ ಇಲ್ಲದಿದ್ದರೆ ಭಯ ಬಹಳ ಕಡಿಮೆ. ಇದನ್ನು ಹೇಳುವುದಕ್ಕೇ ಜೆನೆಟಿಕ್ಸ್ ವಿಭಾಗದವರು ಇರುತ್ತಾರೆ, ಅವರನ್ನು ಕೇಳು, ಜ್ಯೋತಿಷಿಯನ್ನಲ್ಲ.

ಈಗ ಮುಖ್ಯ ಮಾತಿಗೆ ಬರುತ್ತೇನೆ. ಮೂರು ತಿಂಗಳಿಗೆ ಬನ್ನಿ ಅಂದಿದ್ದಾರಲ್ಲ, ಅದೇ ಈಗ ನಡೆಯುತ್ತಿರುವ ಚಿಕಿತ್ಸೆ. ಏನೂ ಬರೆದುಕೊಡಲಿಲ್ಲ ಅಂತ ಅಂದುಕೊಂಡವರು ಎರಡನೇ ಸಲ ಹೋಗುವುದಿಲ್ಲ. ಮಗು ಓಡಾಡಿಕೊಂಡಿದೆ, ಆಡುತ್ತಿದೆ, ಈರುಳ್ಳಿ ಕೀಳುವ ಕಾಲ, ಅಡಿಕೆ ಕೊಯ್ಲು, ಯಾರದೋ ಗೃಹಪ್ರವೇಶ, ಮುಂದಿನ ತಿಂಗಳು ಹೋದರಾಯಿತು ಅನ್ನುತ್ತಾರೆ. ಹೋಗುವುದು ಯಾವಾಗ ಅಂದರೆ ಮಗು ತಡವರಿಸುವುದಕ್ಕೆ ಶುರು ಮಾಡಿದ ಮೇಲೆ. ಅಷ್ಟು ಹೊತ್ತಿಗೆ ಹೋದ ನೋಟ ಬಹುಮಟ್ಟಿಗೆ ವಾಪಸು ಬರುವುದಿಲ್ಲ. ಚಿಕ್ಕ ಮಕ್ಕಳು ಅಮ್ಮಾ ನನಗೆ ಕಾಣುತ್ತಿಲ್ಲ ಅಂತ ಹೇಳುವುದಿಲ್ಲ ಕಣೇ. ಎಲ್ಲರಿಗೂ ಇಷ್ಟೇ ಕಾಣುವುದು ಅಂತ ಅವು ತಿಳಿದಿರುತ್ತವೆ. ಅದಕ್ಕೇ ಅವರು ಕರೆದು ಕರೆದು ನೋಡುವುದು. ಮೊದಲ ವರ್ಷ ಮೂರು ತಿಂಗಳಿಗೊಮ್ಮೆ, ನೋಟ ನೆಟ್ಟಗಿದೆ ಅಂತ ಕಂಡರೆ ಆಮೇಲೆ ಆರು ತಿಂಗಳಿಗೆ, ಮುಂದೆ ವರ್ಷಕ್ಕೆ ಅಂತ ಅಂತರ ಹೆಚ್ಚಿಸುತ್ತಾ ಹೋಗುತ್ತಾರೆ.

ಅಲ್ಲಿ ಏನೇನು ಮಾಡುತ್ತಾರೆ ಅಂತ ಗೊತ್ತಿದ್ದರೆ ನಿನಗೂ ಧೈರ್ಯ. ಕಣ್ಣಿಗೆ ಹನಿ ಹಾಕಿ ಪಾಪೆ ಅಗಲ ಮಾಡಿ ಒಳಗೆ ನರ ಹೊರಡುವ ಬಿಲ್ಲೆಯನ್ನು ನೋಡುತ್ತಾರೆ. ಅದು ಊದಿದೆಯೋ ಬಿಳಿಚಿದೆಯೋ ಅಂತ. ಹನಿಯಿಂದ ಕೆಲವು ಗಂಟೆ ಮಂಜಾಗುತ್ತದೆ, ಬಿಸಿಲು ಚುಚ್ಚುತ್ತದೆ, ಟೋಪಿ ಇಟ್ಟುಕೊಂಡು ಹೋಗು. ಚಿತ್ರದ ಬೋರ್ಡು, ಗೆರೆ ಎಳೆದ ಕಾರ್ಡು ತೋರಿಸಿ ನೋಟ ಅಳೆಯುತ್ತಾರೆ. ಮಗು ನಿದ್ದೆಗೆಟ್ಟು, ಹಸಿದು, ರಚ್ಚೆ ಹಿಡಿದಿದ್ದರೆ ಆ ಅಳತೆ ಸುಳ್ಳಾಗುತ್ತದೆ, ಇದನ್ನು ಮಾತ್ರ ಮರೆಯಬೇಡ. ರಾತ್ರಿಯೆಲ್ಲ ಪ್ರಯಾಣ ಮಾಡಿಸಿ ಬೆಳಿಗ್ಗೆ ಸೀದಾ ಸಾಲಿನಲ್ಲಿ ನಿಲ್ಲಿಸುವುದಕ್ಕಿಂತ ಹಿಂದಿನ ದಿನವೇ ಹೋಗಿ ನೆಂಟರ ಮನೆಯಲ್ಲಿ ಮಲಗಿಸಿ ಕರೆದೊಯ್ಯುವುದು ಮೇಲು. ಎಂ.ಆರ್.ಐ. ಸ್ಕ್ಯಾನಿಗೆ ಎಕ್ಸ್‌ರೇ ಕಿರಣ ಇಲ್ಲ, ಎಷ್ಟು ಸಲ ಮಾಡಿದರೂ ಆ ಭಯ ಬೇಡ. ಸದ್ದು ಮಾತ್ರ ವಿಪರೀತ. ಅಲುಗಾಡದೆ ಮಲಗಬೇಕು, ಅದಕ್ಕೆ ಚಿಕ್ಕ ಮಕ್ಕಳಿಗೆ ನಿದ್ದೆ ಬರಿಸುತ್ತಾರೆ. ಹೊಟ್ಟೆ ಖಾಲಿ ಇರಬೇಕು ಅಂದರೆ ಖಾಲಿಯೇ ಇರಬೇಕು. ಪಾಪ ಅಂತ ಅಜ್ಜಿ ಕದ್ದು ಒಂದು ಬಿಸ್ಕತ್ತು ಕೊಟ್ಟರೆ ಆ ದಿನವೇ ಹಾಳು.

ಇನ್ನೊಂದು ವಿಷಯ, ಸ್ಕ್ಯಾನಿನಲ್ಲಿ ಗಡ್ಡೆ ಒಂದೆರಡು ಮಿಲಿಮೀಟರು ದಪ್ಪಗಾಯಿತು ಅಂತ ಕೇಳಿದರೆ ಎದೆ ಒಡೆದುಕೊಳ್ಳಬೇಡ. ಹಾಗೇ, ಸ್ಕ್ಯಾನು ಮೊದಲಿನಂತೇ ಇದೆ ಅಂತ ಕಣ್ಣಿನ ಪರೀಕ್ಷೆ ಬಿಡಬೇಡ. ಗಡ್ಡೆಯ ಗಾತ್ರಕ್ಕೂ ನೋಟಕ್ಕೂ ನಾವು ಅಂದುಕೊಂಡಷ್ಟು ತಾಳೆ ಇಲ್ಲ. ಈ ಮಚ್ಚೆ ಕಾಯಿಲೆಯ ಮಕ್ಕಳಲ್ಲಿ ಗ್ಲಯೋಮಾಗೆ ಕೀಮೊ ಕೊಟ್ಟು ನೋಡಿದ, ಹಲವು ಆಸ್ಪತ್ರೆಗಳ ಲೆಕ್ಕ ಕೂಡಿಸಿದ ಒಂದು ಅಧ್ಯಯನ 2012ರಲ್ಲಿ ಬಂತು. ಮೂರರಲ್ಲಿ ಒಂದು ಪಾಲು ಮಕ್ಕಳ ನೋಟ ಸುಧಾರಿಸಿತ್ತು, ನೂರಕ್ಕೆ ನಲವತ್ತು ಮಕ್ಕಳದು ಇದ್ದಲ್ಲೇ ನಿಂತಿತ್ತು, ಉಳಿದವರದು ಇಳಿದಿತ್ತು. ಸ್ಕ್ಯಾನಿನಲ್ಲಿ ಕಂಡ ಬದಲಾವಣೆಗೂ ಇದಕ್ಕೂ ಸರಿಯಾಗಿ ಹೊಂದಿಕೆಯಾಗಲಿಲ್ಲ. ಅಂದಮೇಲೆ ಸ್ಕ್ಯಾನಿಗೆ ಕೊಡುವ ದುಡ್ಡಿನ ಬೆಲೆಯೇ ದೊಡ್ಡದು, ಹನಿ ಹಾಕಿ ನೋಡುವುದು ಸಣ್ಣ ಪರೀಕ್ಷೆ ಅನ್ನುವ ಲೆಕ್ಕ ತಲೆಯಿಂದ ತೆಗೆದುಹಾಕು.

ಒಂದು ವೇಳೆ ನೋಟ ಇಳಿಯುತ್ತಿದೆ ಅಂತ ಕಂಡುಬಂದರೆ ಮೊದಲ ಹೆಜ್ಜೆ ಸಾಮಾನ್ಯವಾಗಿ ಕೀಮೊ. ಕಾರ್ಬೊಪ್ಲಾಟಿನ್, ವಿನ್‌ಕ್ರಿಸ್ಟಿನ್ ಅನ್ನುವ ಎರಡು ಔಷಧಿ ಬಹುಕಾಲದಿಂದ ಬಳಕೆಯಲ್ಲಿವೆ. ವರ್ಷ, ಒಂದೂವರೆ ವರ್ಷದವರೆಗೂ ನಡೆಯುತ್ತದೆ. ಗಡ್ಡೆ ಮಾಯವಾಗಲಿ ಅಂತ ಕೊಡುವುದಲ್ಲ ಅದು, ಬೆಳೆಯದೆ ನಿಲ್ಲಲಿ, ಉಳಿದ ನೋಟ ಉಳಿಯಲಿ ಅಂತ. ಅದನ್ನು ಮೊದಲೇ ತಿಳಿದಿದ್ದರೆ, ಇಷ್ಟು ಸೂಜಿ ಚುಚ್ಚಿದರೂ ಗಡ್ಡೆ ಹಾಗೇ ಇದೆಯಲ್ಲ ಅಂತ ನಡುವೆ ಬಿಟ್ಟು ಬರುವುದಿಲ್ಲ. ಕೀಮೊ ನಡೆಯುವಾಗ ಜ್ವರ ಬಂದರೆ ಗುಳಿಗೆ ಕೊಟ್ಟು ನಾಳೆ ನೋಡೋಣ ಅನ್ನುವ ಹಾಗಿಲ್ಲ, ಅದೇ ರಾತ್ರಿ ಆಸ್ಪತ್ರೆ. ವಿನ್‌ಕ್ರಿಸ್ಟಿನ್‌ನಿಂದ ಮಲಬದ್ಧತೆ ಆಗುತ್ತದೆ, ಕಾಲು ಎತ್ತಿ ಇಡಲು ಕಷ್ಟವಾಗಿ ಎಡವುತ್ತವೆ ಮಕ್ಕಳು. ಅದನ್ನು ಡಾಕ್ಟರಿಗೆ ಹೇಳಬೇಕು, ನಡಿಗೆ ಸೋಮಾರಿತನ ಅಂತ ಗದರಬಾರದು. ಇನ್ನೊಂದು, ಇದು ನನ್ನ ಕಸುಬಿನ ಮಾತು. ಕೀಮೊ ಸಮಯದಲ್ಲಿ ಎಂ.ಆರ್. ಲಸಿಕೆ, ಬಾಯಿಗೆ ಹಾಕುವ ಪೋಲಿಯೊ ಹನಿಯಂಥ ಜೀವಂತ ಲಸಿಕೆಗಳನ್ನು ಕೊಡಬಾರದು. ಪಲ್ಸ್ ಪೋಲಿಯೊ ದಿನ ಮನೆ ಬಾಗಿಲಿಗೆ ಬರುವ ನಮ್ಮ ಹುಡುಗಿಯರಿಗೆ ಇದು ಗೊತ್ತಿರಲಿಕ್ಕಿಲ್ಲ. ನೀನೇ ಹೇಳು, ಮನೆಯ ಬೇರೆ ಮಕ್ಕಳಿಗೆ ಹಾಕಿಸುವುದಕ್ಕೂ ಮೊದಲು ಕೀಮೊ ಡಾಕ್ಟರನ್ನು ಕೇಳು.

ಕೀಮೊಗೂ ಬಗ್ಗದಿದ್ದರೆ ಈಚೆಗೆ ಟ್ರಾಮೆಟಿನಿಬ್, ಸೆಲುಮೆಟಿನಿಬ್ ಅನ್ನುವ ಬಾಯಿಗೆ ನುಂಗುವ ಔಷಧಿಗಳು ಬಂದಿವೆ. ಬೆಲೆ ಜಾಸ್ತಿ, ಎಲ್ಲರಿಗೂ ಬೇಕಾಗುವುದೂ ಇಲ್ಲ. ರೇಡಿಯೇಷನ್ ಕೊಟ್ಟುಬಿಡಿ ಅಂತ ಮಾತ್ರ ಯಾರಾದರೂ ಆತುರ ಮಾಡಿದರೆ ಎರಡು ಸಲ ಯೋಚಿಸು. ಮಚ್ಚೆ ಕಾಯಿಲೆ ಇರುವ ಮಕ್ಕಳಿಗೆ ರೇಡಿಯೇಷನ್‌ನಿಂದ ಮುಂದೆ ಬೇರೆ ಗಡ್ಡೆ ಹುಟ್ಟುವ, ಮಿದುಳಿನ ರಕ್ತನಾಳ ಕಿರಿದಾಗುವ ಅಪಾಯ ಇದೆ. ಅದಕ್ಕೇ ಬಲ್ಲ ಡಾಕ್ಟರು ಅದನ್ನು ಆದಷ್ಟು ದೂರ ಇಡುತ್ತಾರೆ.

ಮನೆಯಲ್ಲಿ ನೀನು ನೋಡಬೇಕಾದ್ದು ಕಣ್ಣೊಂದನ್ನೇ ಅಲ್ಲ. ನರಗಳು ಕೂಡುವ ಜಾಗದ ಪಕ್ಕದಲ್ಲೇ ಹಸಿವು, ಬಾಯಾರಿಕೆ, ಎತ್ತರ, ಪ್ರಾಯ ಇವನ್ನೆಲ್ಲ ಆಳುವ ಕೇಂದ್ರ ಇದೆ. ಪಾಪು ಸುಮ್ಮನೆ ಸರಸರನೆ ಎತ್ತರ ಬೆಳೆದರೆ, ಇನ್ನೂ ಆರೇಳಕ್ಕೇ ಪ್ರಾಯದ ಗುರುತು ಕಂಡರೆ ನಮ್ಮ ಹುಡುಗ ಗಟ್ಟಿ ಅಂತ ಬೀಗಬೇಡಿ. ಹಾಗೇ ರಾತ್ರಿಯೆಲ್ಲ ಎದ್ದು ನೀರು ಕೇಳಿ ಪದೇ ಪದೇ ಉಚ್ಚೆ ಹೊಯ್ದರೂ ಹೇಳಬೇಕು. ಹಾಲು ಕುಡಿಯುವ ಕೂಸುಗಳಲ್ಲಿ ಇನ್ನೊಂದು ವಿಚಿತ್ರ ಇದೆ. ಚೆನ್ನಾಗಿ ಹಾಲು ಕುಡಿಯುತ್ತದೆ, ನಗುತ್ತದೆ, ಚುರುಕಾಗಿರುತ್ತದೆ, ಆದರೂ ಮೈ ಸೊರಗಿ ಮೂಳೆ ಚಕ್ಕಳವಾಗುತ್ತದೆ. ಕಣ್ಣುಗುಡ್ಡೆ ಅಲುಗಾಡುತ್ತಿರುತ್ತದೆ. ಬಾಲಗ್ರಹ ಅಂತ ತಾಯತ ಕಟ್ಟಿಸಿಕೊಂಡು ಬಂದವರನ್ನು ಕಂಡಾಗ ಮಿದುಳಿನ ಕಡೆಗೂ ಗಮನ ಹೋಗಬೇಕು. ಅಂಗನವಾಡಿಯಲ್ಲಿ ತಿಂಗಳು ತಿಂಗಳು ತೂಕ ಹಾಕಿ ಕಾರ್ಡಿನಲ್ಲಿ ಗೆರೆ ಎಳೆಯುತ್ತಾರಲ್ಲ, ಆ ಕಾರ್ಡನ್ನೂ ಫೈಲಿನಲ್ಲಿ ಇಡು. ಬೆಂಗಳೂರಿನ ಡಾಕ್ಟರಿಗೆ ಅದು ನೀನು ಅಂದುಕೊಂಡದ್ದಕ್ಕಿಂತ ಹೆಚ್ಚು ಹೇಳುತ್ತದೆ. ಬೆಳಗಿನ ಹೊತ್ತು ತಲೆನೋವು, ಅದರ ಹಿಂದೆಯೇ ವಾಂತಿ ಅಂತ ದಿನಾ ಆದರೆ ಮೂರು ತಿಂಗಳು ಕಾಯುವ ಮಾತೇ ಇಲ್ಲ, 108ಕ್ಕೆ ಫೋನ್ ಮಾಡು.

ಕಣ್ಣಿಗೆ ನಂದಿಬಟ್ಟಲು ಹೂವಿನ ರಸ ಬಿಡಬೇಡ, ಎದೆಹಾಲು ಹಿಂಡಬೇಡ, ಯಾರೋ ಕೊಟ್ಟ ಅಂಜನ ಹಚ್ಚಬೇಡ. ಹೊನಗೊನ್ನೆ ಸೊಪ್ಪಿನ ಪಲ್ಯ, ಗಜ್ಜರಿ ಎಲ್ಲ ತಿನ್ನಿಸು, ಮೈಗೆ ಒಳ್ಳೆಯದೇ, ಆದರೆ ಗಡ್ಡೆಗೆ ಅದು ತಾಗುವುದಿಲ್ಲ. ಬೆಟ್ಟಕ್ಕೆ ಬರುತ್ತೇವೆ ಅಂತ ಹರಕೆ ಹೊತ್ತಿದ್ದೀರಂತೆ. ಹೋಗಿ ಬನ್ನಿ, ನಾನೂ ಬರುತ್ತೇನೆ. ಆಸ್ಪತ್ರೆಯ ತಾರೀಖಿನ ದಿನ ಮಾತ್ರ ಬೇಡ.

ಊರಿನ ಬೇರೆ ತಾಯಂದಿರಿಗೂ ನೀನು ನಾಲ್ಕು ಮಾತು ಹೇಳಬಹುದು. ಮೆಳ್ಳೆಗಣ್ಣು ಅದೃಷ್ಟ ಅನ್ನುವ ಮಾತು ನಮ್ಮಲ್ಲಿ ಎಷ್ಟು ಮಕ್ಕಳ ಕಣ್ಣನ್ನು ತಿಂದಿದೆಯೋ! ಆರು ತಿಂಗಳು ದಾಟಿದ ಕೂಸಿನ ಕಣ್ಣು ವಾಲಿದರೆ, ಗುಡ್ಡೆ ಅದುರುತ್ತಿದ್ದರೆ, ಒಂದು ಗುಡ್ಡೆ ಮುಂದಕ್ಕೆ ಬಂದಂತೆ ಕಂಡರೆ ತೋರಿಸಲೇಬೇಕು. ಬಹುಪಾಲು ಮಕ್ಕಳಿಗೆ ಗಡ್ಡೆ ಇರುವುದಿಲ್ಲ, ಕನ್ನಡಕಕ್ಕೋ ಪಟ್ಟಿಗೋ ಸರಿಹೋಗುವುದೇ ಇರುತ್ತದೆ. ಅದಕ್ಕಾದರೂ ತೋರಿಸಬೇಕಲ್ಲ. ಶಾಲೆಗೆ, ಅಂಗನವಾಡಿಗೆ ಬರುವ ಬಾಲ ಸ್ವಾಸ್ಥ್ಯ ತಂಡದವರ ಮುಂದೆ ಮಗುವನ್ನು ನಿಲ್ಲಿಸುವುದಕ್ಕೆ ದುಡ್ಡಿಲ್ಲ ಕಾಸಿಲ್ಲ. ಕನ್ನಡಕ ಬದಲಾಯಿಸಿದರೂ ಬದಲಾಯಿಸಿದರೂ ಮಂಜು ಹೋಗದ ದೊಡ್ಡವರಿಗೂ ಹೇಳು, ಅಂಗಡಿ ಸಾಕು, ಕಣ್ಣಿನ ಡಾಕ್ಟರ ಹತ್ತಿರ ನರ ನೋಡಿಸಿಕೊಳ್ಳಿ ಅಂತ.

ದುಡ್ಡಿನ ವಿಷಯ. ತೋಟ ಅಡ ಇಡುವ ಮಾತು ಇನ್ನೊಮ್ಮೆ ಮನೆಯಲ್ಲಿ ಬರಬಾರದು. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಸಿಗುತ್ತದೆ. ಆದರೆ ತುರ್ತು ಅಲ್ಲದ ಕೆಲಸಕ್ಕೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಕೇಳುತ್ತಾರೆ. ಇಲ್ಲಿ ಸರ್ಕಾರಿ ಆಸ್ಪತ್ರೆಯಲ್ಲಿ ಚೀಟಿ ಮಾಡಿಸಿಕೊಳ್ಳದೆ ರೈಲು ಹತ್ತಿದವರು ಅಲ್ಲಿ ಕೌಂಟರಿನಿಂದ ಕೌಂಟರಿಗೆ ಅಲೆಯುತ್ತಾರೆ. ರೇಷನ್ ಕಾರ್ಡು, ಎಲ್ಲರ ಆಧಾರ್, ಅದರ ಎರಡೆರಡು ಜೆರಾಕ್ಸ್ ಒಂದೇ ಕವರಿನಲ್ಲಿ ಇಡು. ಏನಾದರೂ ಗೊಂದಲ ಆದರೆ 104ಕ್ಕೆ ಫೋನ್ ಮಾಡಿ ಕೇಳಬಹುದು.

ಇನ್ನು ಯಾವ ಆಸ್ಪತ್ರೆ ಅಂತ ದಿನಕ್ಕೊಬ್ಬರು ಒಂದೊಂದು ಹೇಳುತ್ತಾರೆ. ನಿಮ್ಹಾನ್ಸ್ ಅಂದರೆ ಹುಚ್ಚಾಸ್ಪತ್ರೆ ಅಲ್ಲವಾ ಅಂತ ನಿಮ್ಮ ಮಾವನವರು ಮುಖ ಗಂಟಿಕ್ಕಿದರಂತೆ. ಹಳೆಯ ಮಾನಸಿಕ ಆಸ್ಪತ್ರೆಯನ್ನೂ 1954ರಲ್ಲಿ ಶುರುವಾದ ಮಾನಸಿಕ ಆರೋಗ್ಯ ಸಂಸ್ಥೆಯನ್ನೂ ಸೇರಿಸಿ 1974ರಲ್ಲಿ ಅದು ಆಯಿತು, ನಿಜ. ಆದರೆ ಅದರ ಹೆಸರಿನಲ್ಲೇ ನರವಿಜ್ಞಾನ ಇದೆ. ಮೊದಲ ನಿರ್ದೇಶಕರಾಗಿದ್ದ ಡಾ. ಆರ್. ಮಾರ್ತಾಂಡ ವರ್ಮ ಸ್ವತಃ ಮಿದುಳಿನ ಸರ್ಜನ್. ನಮ್ಮ ನಾಡಿನ ಮೂಲೆ ಮೂಲೆಯಿಂದ ತಲೆಯೊಳಗಿನ ಗಡ್ಡೆಯವರು ಹೋಗುವುದು ಅಲ್ಲಿಗೇ. ಮಾವನವರಿಗೆ ಹಾಗಂತ ನಾನೇ ಹೇಳುತ್ತೇನೆ, ನೀನು ಎದುರು ಮಾತಾಡಬೇಡ. ಕೀಮೊ ಬೇಕಾದರೆ 1973ರಿಂದ ಇರುವ ಕಿದ್ವಾಯಿ ಅಲ್ಲೇ ಪಕ್ಕದಲ್ಲಿದೆ. ಕಣ್ಣಿಗೇ ಮೀಸಲಾದ ಮಿಂಟೊ ಮಾರ್ಕೆಟ್ಟಿನ ಹತ್ತಿರ. ವೈಟ್‌ಫೀಲ್ಡಿನ ಸತ್ಯಸಾಯಿ ಆಸ್ಪತ್ರೆಯಲ್ಲಿ 2001ರಿಂದ ಮಿದುಳಿನ ಆಪರೇಷನ್ನನ್ನೂ ದುಡ್ಡು ತೆಗೆದುಕೊಳ್ಳದೆ ಮಾಡುತ್ತಾರೆ. ಎರಡನೇ ಅಭಿಪ್ರಾಯ ಕೇಳಬೇಕು ಅನ್ನಿಸಿದರೆ ಧಾರಾಳವಾಗಿ ಕೇಳು, ತಪ್ಪಲ್ಲ. ಆದರೆ ಒಂದು ಕಡೆ ಫೈಲು ಇರಲಿ. ಮೂರು ಆಸ್ಪತ್ರೆಯಲ್ಲಿ ಮೂರು ಸಲ ಅಳೆದ ನೋಟವನ್ನು ಒಂದಕ್ಕೊಂದು ಹೋಲಿಸುವುದಕ್ಕೆ ಯಾರಿಗೂ ಆಗುವುದಿಲ್ಲ, ಹೋಲಿಕೆಯೇ ಇಲ್ಲಿ ಎಲ್ಲ.

ಈ ಹುಡುಗನನ್ನು ಈಗಲೇ ಗದಗಿನ ಪುಣ್ಯಾಶ್ರಮಕ್ಕೆ ಸೇರಿಸಿ ಸಂಗೀತ ಕಲಿಸಿ ಅಂತ ಯಾರೋ ಹಿರಿಯರು ಅಂದರಂತೆ. ಪಂಚಾಕ್ಷರಿ ಗವಾಯಿಗಳು, ಪುಟ್ಟರಾಜ ಗವಾಯಿಗಳು ನಡೆದಾಡಿದ ಆ ಜಾಗಕ್ಕೆ ನಾನು ಇಲ್ಲಿಂದಲೇ ಕೈಮುಗಿಯುತ್ತೇನೆ. ಆದರೆ ಪಾಪುವಿಗೆ ಕಾಣುತ್ತಿದೆ ಕಣಮ್ಮಾ. ಕಾಣುವ ಮಗುವನ್ನು ಕುರುಡ ಅಂತ ಮಾಡಿ ಕೂರಿಸುವುದು ಒಂದು ತಪ್ಪು, ಕಾಣದ ಪಕ್ಕವನ್ನು ಇಲ್ಲ ಅಂತ ಮುಚ್ಚಿಡುವುದು ಇನ್ನೊಂದು ತಪ್ಪು. ಶಾಲೆಗೆ ಸೇರಿಸುವಾಗ ಮೇಷ್ಟ್ರಿಗೆ ಬಿಡಿಸಿ ಹೇಳು. ಯಾವ ಮಗ್ಗುಲು ಕಾಣುವುದಿಲ್ಲವೋ ಆ ಮಗ್ಗುಲಿಗೆ ಗೋಡೆ ಬರುವಂತೆ, ಮುಂದಿನ ಸಾಲಿನಲ್ಲಿ ಕೂರಿಸಲಿ. ರಸ್ತೆ ದಾಟುವಾಗ ಆ ಕಡೆಗೆ ತಲೆಯನ್ನೇ ತಿರುಗಿಸಿ ನೋಡುವ ಅಭ್ಯಾಸವನ್ನು ಈಗಿನಿಂದಲೇ ಮಾಡಿಸು. ಕೆರೆ ಏರಿ ಮೇಲೆ ಒಬ್ಬನನ್ನೇ ಬಿಡಬೇಡ. ಮುಂದೆ ನೋಟ ಕಡಿಮೆಯಾದರೆ ದೊಡ್ಡಕ್ಷರದ ಪುಸ್ತಕ, ಪರೀಕ್ಷೆಯಲ್ಲಿ ಹೆಚ್ಚು ಸಮಯ, ಬರೆದುಕೊಡುವವರು ಎಲ್ಲ ಸಿಗುತ್ತದೆ. 2016ರ ಅಂಗವಿಕಲರ ಕಾಯ್ದೆಯಲ್ಲಿ ಮಂದದೃಷ್ಟಿಯೂ ಸೇರಿದೆ, ಅಂಗವೈಕಲ್ಯ ನೂರಕ್ಕೆ ನಲವತ್ತು ಮುಟ್ಟಿದರೆ ಯುಡಿಐಡಿ ಕಾರ್ಡಿನ ಮೇಲೆ ಸೌಲಭ್ಯಗಳು ದೊರೆಯುತ್ತವೆ. ಅದು ಬೇಕಾಗದೇ ಇರಲಿ. ಬೇಕಾದರೆ ನಾಚಿಕೆಪಟ್ಟು ಮಾಡಿಸದೆ ಕೂರಬೇಡ.

ಒಂದು ನೋಟುಪುಸ್ತಕ ತೆಗೆದುಕೋ. ತಾರೀಖು ಹಾಕಿ ಎರಡೇ ಸಾಲು ಬರೆ: ಇವತ್ತು ಎಡಗಡೆಯ ಹೊಸ್ತಿಲಿಗೆ ಎಡವಿದ, ಇವತ್ತು ಚೆಂಡು ಹಿಡಿದ, ಇವತ್ತು ಟಿ.ವಿ.ಗೆ ಹತ್ತಿರ ಹೋದ. ಡಾಕ್ಟರ ಮುಂದೆ ಕೂತಾಗ ಯಾವ ತಾಯಿಗೂ ಏನೂ ನೆನಪಾಗುವುದಿಲ್ಲ, ಆಗ ಅದನ್ನೇ ಮುಂದಿಡು. ಸ್ಕ್ಯಾನಿನ ಹಾಳೆ ಮಾತ್ರ ಸಾಲದು, ಸಿ.ಡಿ.ಯನ್ನೂ ಜೋಪಾನ ಮಾಡು. ಬೀರು ಮೇಲೆ ಬಿಸಿಲಿಗೆ ಎಸೆದಿದ್ದೀರಿ, ನಾನು ನೋಡಿದೆ.

ಹೋಗುವ ವಾರ ಅಳಿಯಂದಿರಿಗೆ ಕೊಯ್ಲು ಬಿದ್ದರೆ ತಾರೀಖು ಮುಂದೂಡಬೇಡ, ನನಗೆ ಹೇಳು. ಬೀರೂರಿಗೆ ಹೋಗಿ ರೈಲಾದರೂ ಸರಿ, ಕೆಂಪು ಬಸ್ಸಾದರೂ ಸರಿ. ಬಸ್ಸಿನಲ್ಲಾದರೆ ನಮ್ಮಿಬ್ಬರಿಗೂ ಆಧಾರ್ ತೋರಿಸಿದರೆ ಟಿಕೆಟ್ಟಿಗೆ ದುಡ್ಡಿಲ್ಲ, ಪಾಪುವಿಗೆ ಇನ್ನೂ ಟಿಕೆಟ್ಟಿನ ವಯಸ್ಸೇ ಆಗಿಲ್ಲ. ಬುತ್ತಿ ನಾನು ಕಟ್ಟುತ್ತೇನೆ. ನೀನು ಫೈಲು, ಸಿ.ಡಿ., ರೆಫರಲ್ ಚೀಟಿ ಇಷ್ಟನ್ನು ಹಿಂದಿನ ರಾತ್ರಿಯೇ ಚೀಲಕ್ಕೆ ಹಾಕಿಟ್ಟಿರು.